ಮೇಣ ಹೋದ ಜಾಗಕ್ಕೆ ಲೋಹ



ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆಯಿದೆ, ಸಂಗೀತವಿದೆ, ಆನೆಗಳ ವಿಷಯವಿದೆ, ಮೀನು ಹಿಡಿಯುವ ವಿನೋದವೂ ಇದೆ. ಮೊದಲ ಭಾಗದಲ್ಲಿ ಲೋಹದ ಪ್ರತಿಮೆ ಮಾಡಿಸುವ ಮಾತು ಬಂದಾಗ ಅರಸ ಎರಕದ ಕೆಲಸವನ್ನು ಹೆಜ್ಜೆ ಹೆಜ್ಜೆಗೂ ಬಿಡಿಸಿ ಹೇಳುತ್ತಾನೆ.

ಮೊದಲು ಮೇಣದಲ್ಲಿ ಮೂರ್ತಿ. ಅದರ ಬೆನ್ನಿಗೋ ಹೆಗಲಿಗೋ ಉಮ್ಮತ್ತಿ ಹೂವಿನ ಆಕಾರದ ಉದ್ದನೆಯ ನಾಳಗಳು. ಆಮೇಲೆ ಮಣ್ಣಿನ ಲೇಪ, ಅದೂ ಮೂರು ಸಲ. ಸುಟ್ಟ ಹೊಟ್ಟಿನ ಮಸಿ, ಸಣ್ಣಗೆ ಕತ್ತರಿಸಿದ ಹತ್ತಿ, ಚೂರು ಉಪ್ಪು ಸೇರಿಸಿ ಕಲ್ಲಿನ ಮೇಲೆ ನುಣ್ಣಗೆ ಅರೆದ ಮಣ್ಣು. ಮೊದಲ ಲೇಪ ತೆಳು; ಅದು ನೆರಳಲ್ಲಿ ಒಣಗಬೇಕು. ಎರಡು ದಿನ ಬಿಟ್ಟು ಎರಡನೆಯದು. ಅದೂ ಒಣಗಿದ ಮೇಲೆ ದಪ್ಪನಾಗಿ ಮೂರನೆಯದು. ನಾಳದ ಬಾಯಿ ಮಾತ್ರ ಮುಚ್ಚಬಾರದು. ಬಳಿಕ ಅಚ್ಚನ್ನು ಕಾಯಿಸಿ ಮೇಣ ಇಳಿಸಿ, ಅದೇ ನಾಳದೊಳಗೆ ಕರಗಿದ ಲೋಹವನ್ನು ಧಾರೆ ಕಡಿಯದಂತೆ ಹೊಯ್ಯಬೇಕು.

ಸೋಮೇಶ್ವರ ಲೆಕ್ಕವನ್ನೂ ಕೊಟ್ಟಿದ್ದಾನೆ. ಮೇಣದ ಮೂರ್ತಿಯನ್ನು ತೂಗಿ, ಹಿತ್ತಾಳೆ ಅಥವಾ ತಾಮ್ರವಾದರೆ ಅದರ 8 ಪಟ್ಟು, ಕೆಲವು ಪಾಠಗಳ ಪ್ರಕಾರ 10 ಪಟ್ಟು, ಬೆಳ್ಳಿಯಾದರೆ 12 ಪಟ್ಟು, ಚಿನ್ನವಾದರೆ 16 ಪಟ್ಟು ಲೋಹ ತೆಗೆದುಕೊಳ್ಳಬೇಕು. ಇಂದಿನ ಸಾಂದ್ರತೆಯ ಕೋಷ್ಟಕ ಹಿಡಿದು ಇದನ್ನು ಪರೀಕ್ಷಿಸಬಹುದು. ಜೇನುಮೇಣದ ಸಾಂದ್ರತೆ ಸುಮಾರು 0.96, ಹಿತ್ತಾಳೆಯದು 8.5, ಬೆಳ್ಳಿಯದು 10.5. ಭಾಗಿಸಿದರೆ ಹಿತ್ತಾಳೆಗೆ 9ರ ಹತ್ತಿರ ಬರುತ್ತದೆ, ಬೆಳ್ಳಿಗೆ 11. ಬೆಳ್ಳಿಗೆ ಹೇಳಿದ 12ರಲ್ಲಿ ಕಿಟ್ಟವಾಗಿ ಹೋಗುವ ಪಾಲಿಗೂ ಸ್ವಲ್ಪ ಜಾಗ ಸಿಗುತ್ತದೆ. ಅಪ್ಪಟ ಚಿನ್ನಕ್ಕೆ 20 ಪಟ್ಟು ಬೇಕು. 16 ಎಂಬುದು ಇಂದಿನ 18 ಕ್ಯಾರೆಟ್ಟಿನಂಥ ಬೆರಕೆ ಚಿನ್ನಕ್ಕೆ ಚೆನ್ನಾಗಿ ಹೊಂದುತ್ತದೆ. ಸುಮಾರು 900 ವರ್ಷಗಳ ಹಿಂದೆ ತಕ್ಕಡಿ ಹಿಡಿದು ಈ ಸಂಖ್ಯೆಗಳನ್ನು ಕಂಡುಕೊಂಡ ಕಂಚುಗಾರರ ಬಗ್ಗೆ ನನಗೆ ತುಂಬ ಗೌರವ. ಮನೆಯಲ್ಲಿ ಎರಕ ಹೊಯ್ಯಬೇಕೆನ್ನುವವರು ಕುಲುಮೆಗಿಂತ ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ತಕ್ಕಡಿ ಎಂದು ನಾನು ಹೇಳುವುದು ಅದಕ್ಕೇ.

ಬೀದರ್ ಜಿಲ್ಲೆಯದೇ ಆದ ಬಿದರಿ ಕೆಲಸವೂ ಎರಕದಿಂದಲೇ ಶುರುವಾಗುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಹೊಯ್ಯುವ ಆ ಎರಕ ಮರಳಿನ ಅಚ್ಚಿನದು. ಮರಳಿನ ಅಚ್ಚನ್ನು ಎರಡು ಹೋಳಾಗಿ ಬಿಚ್ಚಿ ಒಳಗಿನ ಮಾದರಿಯನ್ನು ಹೊರಕ್ಕೆ ಎತ್ತಬೇಕು. ಮಾದರಿಯಲ್ಲಿ ಒಳಬಾಗಿದ ತಿರುವು, ಅಡ್ಡ ತೂತು ಇದ್ದರೆ ಅದು ಮರಳನ್ನು ಕಿತ್ತುಕೊಂಡೇ ಬರುತ್ತದೆ. ಮೇಣದ ಮಾದರಿಯನ್ನು ಎತ್ತುವ ಪ್ರಶ್ನೆಯೇ ಇಲ್ಲ, ಅದು ಕರಗಿ ಹರಿದುಹೋಗುತ್ತದೆ. ಆದ್ದರಿಂದ ಎಂಥ ವಕ್ರ ಆಕಾರವೂ ಇದರಲ್ಲಿ ಬರುತ್ತದೆ, ಬೆರಳಚ್ಚಿನ ಗೆರೆ ಕೂಡ ಲೋಹಕ್ಕೆ ಇಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ, ಒಂದು ಎರಕಕ್ಕೆ ಒಂದು ಮೇಣದ ಮಾದರಿ, ಒಂದು ಅಚ್ಚು. ಎರಡೂ ಮತ್ತೆ ಸಿಗುವುದಿಲ್ಲ.

ದೇವರ ಮೂರ್ತಿ ಮಾಡುವವರು ನಮ್ಮಲ್ಲಿ ಇದ್ದಾರೆ. ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹದ ಕೆಲಸಕ್ಕೆ ಹೆಸರಾದ ಊರು. ನಾನು ಇಂದು ಹೇಳಹೊರಟಿರುವುದು ಮೂರ್ತಿಯ ವಿಷಯವಲ್ಲ, ಮನೆಯಲ್ಲಿ ಮುರಿದು ಬಿದ್ದಿರುವ ಯಂತ್ರದ ಬಿಡಿಭಾಗದ ವಿಷಯ. ಅಜ್ಜಿಯ ಕಾಲದ ಕೈಹೊಲಿಗೆ ಯಂತ್ರವನ್ನೇ ತೆಗೆದುಕೊಳ್ಳಿ. ಚಕ್ರ ತಿರುಗಿಸುವ ಹಿಡಿಯ ತೋಳು ಬೀಡುಕಬ್ಬಿಣದ್ದು. ಯಂತ್ರ ಒಮ್ಮೆ ನೆಲಕ್ಕೆ ಬಿದ್ದರೆ ಆ ತೋಳು ಎರಡಾಗುತ್ತದೆ. ಬೀಡುಕಬ್ಬಿಣಕ್ಕೆ ವೆಲ್ಡಿಂಗ್ ಸುಲಭವಾಗಿ ಕೂರುವುದಿಲ್ಲ. ಅಂಗಡಿಯಲ್ಲಿ ಆ ಭಾಗ ಸಿಗುವುದಿಲ್ಲ. ಬೆಳಗಾವಿ, ಶಿವಮೊಗ್ಗಗಳಲ್ಲಿ ಫೌಂಡ್ರಿಗಳು ಬೇಕಾದಷ್ಟಿವೆ, ಆದರೆ ಅವು ನೂರು ಸಾವಿರದ ಲೆಕ್ಕದಲ್ಲಿ ಕೆಲಸ ಮಾಡುವ ಕಾರ್ಖಾನೆಗಳು; ಒಂದೇ ಒಂದು ತುಂಡಿಗೆ ಅವರ ದಾರಿ ದುಬಾರಿ. ಇಂಥ ಒಂದು ತುಂಡಿಗೆ ಮೇಣದೆರಕ ಹೇಳಿ ಮಾಡಿಸಿದ ವಿಧಾನ. ಅರ್ಧ ಕಿಲೋ ಅಲ್ಯೂಮಿನಿಯಂ ಸಾಕು.

ಯಾವುದನ್ನು ಮನೆಯಲ್ಲಿ ಹೊಯ್ಯಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುರಿದರೆ ಜೀವಕ್ಕೆ ಅಪಾಯವಾಗುವ ಯಾವುದನ್ನೂ ಹೊಯ್ಯಬೇಡಿ. ಸ್ಕೂಟರಿನ ಬ್ರೇಕ್ ಹಿಡಿ, ಸೈಕಲ್ಲಿನ ಫೋರ್ಕು, ಭಾರ ಎತ್ತುವ ಕೊಕ್ಕೆ, ಪ್ರೆಶರ್ ಕುಕ್ಕರಿನ ಭಾಗ, ಇವೆಲ್ಲ ಕಾರ್ಖಾನೆಯಲ್ಲಿ ಎಕ್ಸ್-ರೇ ಮಾಡಿ, ಎಳೆದು ನೋಡಿ ಪಾಸಾಗಬೇಕಾದ ವಸ್ತುಗಳು. ಅಂಗಳದ ಎರಕದಲ್ಲಿ ಕಣ್ಣಿಗೆ ಕಾಣದ ಗುಳ್ಳೆ ಇದ್ದೇ ಇರುತ್ತದೆ ಎಂದು ತಿಳಿದೇ ನಡೆಯಬೇಕು. ಹೊಲಿಗೆ ಯಂತ್ರದ ಹಿಡಿ, ಪೆಟ್ಟಿಗೆಯ ಚಿಲಕ, ಹಳೆಯ ರೇಡಿಯೋದ ಗುಂಡಿ, ಗಡಿಯಾರದ ಚೌಕಟ್ಟಿನ ಮೂಲೆ, ಇಂಥವು ನಮ್ಮ ವ್ಯಾಪ್ತಿಗೆ ಬರುವಂಥವು.

ಎರಕ ಎಂದ ಕೂಡಲೇ ಜನ ಬೆಂಕಿಯನ್ನು ನೆನೆದು ಹೆದರುತ್ತಾರೆ. ಬೆಂಕಿಗೆ ಹೆದರಬೇಕಾದ್ದು ನ್ಯಾಯವೇ. ಆದರೆ ಲೋಹ ಕರಗಿಸುವುದು ಈ ಕೆಲಸದ ಸುಲಭದ ಪಾಲು. ಒಳ್ಳೆಯ ಇದ್ದಿಲು, ಅಡಿಯಿಂದ ಊದುವ ಬ್ಲೋವರ್ ಇದ್ದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಅಲ್ಯೂಮಿನಿಯಂ ನೀರಾಗುತ್ತದೆ. ಕೆಲಸ ಕೆಡುವುದು ಅದಕ್ಕೆ ಮೊದಲೇ, ಮೇಣದಲ್ಲಿ ಮತ್ತು ಅಚ್ಚಿನಲ್ಲಿ. ಕೆಟ್ಟದ್ದು ಗೊತ್ತಾಗುವುದು ಮಾತ್ರ ಲೋಹ ಹೊಯ್ದ ಮೇಲೆ. ಹಾಗಾಗಿ ನನ್ನ ಮಾತಿನ ಹೆಚ್ಚಿನ ಭಾಗ ಬೆಂಕಿ ಹಚ್ಚುವುದಕ್ಕಿಂತ ಮುಂಚಿನದು.

ಮೇಣದಿಂದ ಶುರು ಮಾಡೋಣ. ಬರೀ ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನ ಅದರ ಮೇಲೆ ಉಗುರಿನಷ್ಟು ಸೂಕ್ಷ್ಮ ಕೆಲಸವೂ ನಿಲ್ಲುವುದಿಲ್ಲ. ಮೇಣದಬತ್ತಿಯ ಪ್ಯಾರಫಿನ್ ಗಟ್ಟಿ, ಆದರೆ ಬಿರುಸು. ಕೆತ್ತಿದರೆ ಚಕ್ಕೆ ಏಳುತ್ತದೆ. ತಂಜಾವೂರು ಜಿಲ್ಲೆಯ ಸ್ವಾಮಿಮಲೈಯ ಸ್ಥಪತಿಗಳು ಜೇನುಮೇಣಕ್ಕೆ ಮರದ ರಾಳ ಮತ್ತು ಕಡಲೆಕಾಯಿ ಎಣ್ಣೆ ಸೇರಿಸಿ ಹದ ಮಾಡುತ್ತಾರೆ. ರಾಳ ಗಟ್ಟಿತನ ಕೊಡುತ್ತದೆ, ಎಣ್ಣೆ ಬಾಗುವ ಗುಣ ಕೊಡುತ್ತದೆ. ಬೇಸಿಗೆಯಲ್ಲಿ ರಾಳ ಹೆಚ್ಚು, ಚಳಿಯಲ್ಲಿ ಎಣ್ಣೆ ಹೆಚ್ಚು ಹಾಕಿ ಹದ ಕಂಡುಕೊಳ್ಳಬೇಕು. ಕರಗಿಸುವಾಗ ಪಾತ್ರೆಯನ್ನು ನೇರವಾಗಿ ಒಲೆಯ ಮೇಲಿಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಮೇಣದ ಹೊಗೆಗೆ ಬೆಂಕಿ ಹತ್ತಿದರೆ ನೀರು ಸುರಿದು ಆರಿಸಲು ಹೋಗಬಾರದು, ಮುಚ್ಚಳ ಮುಚ್ಚಬೇಕು.

ಹೊಲಿಗೆ ಯಂತ್ರದ ತೋಳಿಗೆ ಮೇಣದ ಮಾದರಿ ಮಾಡಲು ಮುರಿದ ಎರಡು ತುಂಡುಗಳನ್ನೇ ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಅದರ ಸುತ್ತ ಸಿಲಿಕೋನ್ ರಬ್ಬರಿನ ಅಚ್ಚು ತೆಗೆಯಬಹುದು. ರಬ್ಬರನ್ನು ಎರಡಾಗಿ ಸೀಳಿ, ತುಂಡು ತೆಗೆದು, ಆ ಜಾಗಕ್ಕೆ ಮೇಣ ಹೊಯ್ದರೆ ಮಾದರಿ ಸಿದ್ಧ. ಈಗ ಥ್ರೀ-ಡಿ ಪ್ರಿಂಟರ್ ಇರುವವರು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲೇ ಮಾದರಿ ಮಾಡಿ ಅದನ್ನೇ ಸುಟ್ಟು ಕಳೆಯುತ್ತಾರೆ. ಅದೂ ನಡೆಯುತ್ತದೆ. ಆದರೆ ಮೇಣ ಹರಿದು ಹೊರಬರುತ್ತದೆ, ಪ್ಲಾಸ್ಟಿಕ್ಕು ಒಳಗೇ ಉರಿದು ಹೋಗಬೇಕು. ಅದಕ್ಕೆ ಹೆಚ್ಚು ಹೊತ್ತು, ಹೆಚ್ಚು ಗಾಳಿ ಬೇಕು, ಹೊಗೆಯೂ ಕೆಟ್ಟದು. ಕೈಯಲ್ಲಿ ಮೇಣ ತಿದ್ದಿದ ಅನುಭವವಿಲ್ಲದೆ ನೇರ ಪ್ರಿಂಟರಿಗೆ ಹೋಗುವುದನ್ನು ನಾನು ಸಲಹೆ ಮಾಡುವುದಿಲ್ಲ.

ಇಲ್ಲಿ ಒಂದು ಲೆಕ್ಕ ಬರುತ್ತದೆ. ಮೇಣ ಆರುವಾಗ ಸುಮಾರು ನೂರಕ್ಕೆ 1ರಷ್ಟು ಕುಗ್ಗುತ್ತದೆ. ಅಲ್ಯೂಮಿನಿಯಂ ಗಟ್ಟಿಯಾಗಿ ತಣಿಯುವಾಗ ನೂರಕ್ಕೆ 1.3ರ ಆಸುಪಾಸು ಕುಗ್ಗುತ್ತದೆ. ಎರಡೂ ಸೇರಿದರೆ 100 ಮಿಲಿಮೀಟರಿನ ತೋಳು 98ಕ್ಕಿಂತ ಚೂರು ಕಡಿಮೆಯಾಗಿ ಹೊರಬರುತ್ತದೆ. ಹಿಡಿಗೆ ಇದರಿಂದ ತೊಂದರೆಯಿಲ್ಲ. ಆದರೆ ಚಕ್ರದ ಗೂಟ ಕೂರುವ ತೂತು ಚಿಕ್ಕದಾದರೆ ಕಷ್ಟ. ಆದ್ದರಿಂದ ತೂತನ್ನು ಮೇಣದಲ್ಲಿ ಮಾಡದೆ ತುಂಬಿಬಿಟ್ಟು, ಎರಕವಾದ ಮೇಲೆ ಡ್ರಿಲ್ಲಿನಿಂದ ಕೊರೆಯಿರಿ. ಇನ್ನೊಂದು ಭಾಗಕ್ಕೆ ಕೂಡುವ ಮುಖಗಳ ಮೇಲೆ ಒಂದು ಮಿಲಿಮೀಟರ್ ಮೇಣ ಹೆಚ್ಚಿಗೆ ಹಚ್ಚಿ, ಆಮೇಲೆ ಅರದಿಂದ ಉಜ್ಜಿ ಅಳತೆಗೆ ತನ್ನಿ.

ಇನ್ನು ನಾಳಗಳು. ನಮ್ಮ ಫೌಂಡ್ರಿಗಳಲ್ಲಿ ಇದಕ್ಕೆ ರನ್ನರ್, ರೈಸರ್ ಎನ್ನುತ್ತಾರೆ. ಮೇಣದ ಕಡ್ಡಿಗಳನ್ನು ಮಾದರಿಗೆ ಅಂಟಿಸಿದರೆ ಅವು ಮುಂದೆ ಲೋಹ ಹರಿಯುವ ದಾರಿಯಾಗುತ್ತವೆ. ಹೊಸಬರು ಇವನ್ನು ಬರೀ ದಾರಿ ಎಂದುಕೊಂಡು ತೆಳುವಾಗಿ ಮಾಡುತ್ತಾರೆ, ಅಲ್ಲಿಗೆ ಎರಕ ಕೆಟ್ಟಿತು. ಕಾರಣ ಹೀಗಿದೆ. ಲೋಹ ದ್ರವದಿಂದ ಘನವಾಗುವಾಗ ಜಾಗ ಕಡಿಮೆ ಹಿಡಿಯುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಗಾತ್ರದ ಲೆಕ್ಕಕ್ಕೆ ನೂರಕ್ಕೆ 6ರ ಹತ್ತಿರ. ತೆಳುವಾದ ಭಾಗ ಮೊದಲು ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಪಕ್ಕದ ದಪ್ಪ ಭಾಗದಿಂದ ದ್ರವ ಎಳೆದುಕೊಳ್ಳುತ್ತದೆ. ದಪ್ಪ ಭಾಗ ಕೊನೆಗೆ ಗಟ್ಟಿಯಾಗುವಾಗ ಅದಕ್ಕೆ ಕೊಡುವವರು ಬೇಕಲ್ಲ? ನಾಳ ಅದಕ್ಕಿಂತ ದಪ್ಪವಿದ್ದು ಇನ್ನೂ ದ್ರವವಾಗಿದ್ದರೆ ಕೊಡುತ್ತದೆ. ನಾಳ ಮೊದಲೇ ಗಟ್ಟಿಯಾಗಿದ್ದರೆ ದಪ್ಪ ಭಾಗದ ಹೊಟ್ಟೆಯಲ್ಲಿ ಟೊಳ್ಳು ಉಳಿಯುತ್ತದೆ. ನಮ್ಮ ತೋಳಿನಲ್ಲಿ ದಪ್ಪವಿರುವುದು ಗೂಟ ಕೂರುವ ಗುಬುಟಿನ ಹತ್ತಿರ. ಮುಖ್ಯ ನಾಳವನ್ನು ಅಲ್ಲಿಗೇ ಅಂಟಿಸಿ, ಗುಬುಟಿಗಿಂತ ದಪ್ಪ ಮಾಡಿ. ತೋಳಿನ ತುದಿಯಿಂದ ತೆಳುವಾದ ಇನ್ನೊಂದು ಕಡ್ಡಿ ಮೇಲಕ್ಕೆ ಹೋಗಲಿ, ಒಳಗಿನ ಗಾಳಿ ಅದರಿಂದ ಹೊರಬರಲಿ. ಹೊಯ್ಯುವ ಬಾಯಿ ಅಗಲವಾಗಿ ಆಲಿಕೆಯಂತಿರಲಿ. ಸೋಮೇಶ್ವರ ಉಮ್ಮತ್ತಿ ಹೂವಿನ ಆಕಾರ ಹೇಳಿದ್ದು ಈ ಬಾಯಿಗೆ ಎಷ್ಟು ಸರಿಹೊಂದುತ್ತದೆಂದು ಹೂವನ್ನು ನೋಡಿದವರಿಗೆ ಗೊತ್ತು.

ಈಗ ಇಡೀ ಮೇಣವನ್ನು, ನಾಳಗಳ ಸಮೇತ, ತೂಗಿ ಬರೆದಿಟ್ಟುಕೊಳ್ಳಿ. ಅಲ್ಯೂಮಿನಿಯಮ್ಮಿನ ಸಾಂದ್ರತೆ 2.7, ಮೇಣದ ಸುಮಾರು 2.8 ಪಟ್ಟು. ಮೇಣ 120 ಗ್ರಾಂ ತೂಗಿದರೆ ಲೋಹ 336 ಗ್ರಾಂ ಬೇಕು. ಕಿಟ್ಟಕ್ಕೆ, ಮೂಸೆಗೆ ಅಂಟುವುದಕ್ಕೆ ಎಂದು ಸೇರಿಸಿ 450 ಗ್ರಾಂ ಕರಗಿಸಿ. ಅರ್ಧ ಹೊಯ್ದಾಗ ಮೂಸೆ ಖಾಲಿಯಾದರೆ ಮತ್ತೆ ಕರಗಿಸಿ ಸೇರಿಸಲು ಬರುವುದಿಲ್ಲ. ಮೊದಲ ಪಾಲು ಅಷ್ಟರಲ್ಲಿ ಚರ್ಮ ಕಟ್ಟಿರುತ್ತದೆ, ಎರಡನೆಯದು ಅದಕ್ಕೆ ಬೆಸೆಯುವುದಿಲ್ಲ.

ಅಚ್ಚಿಗೆ ಮಣ್ಣಿನ ಬದಲು ಇಂದು ಪ್ಲಾಸ್ಟರ್ ಬಳಸುವುದು ರೂಢಿ. 1907ರಲ್ಲಿ ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್ ಹಲ್ಲಿನ ಕುಳಿಗೆ ಚಿನ್ನ ತುಂಬಲು ಮೇಣದೆರಕವನ್ನು ಬಳಕೆಗೆ ತಂದ. ಅಲ್ಲಿಂದ ಅದು ಆಭರಣದವರ ಕೈಗೆ ಬಂತು. ಎರಡನೆಯ ಮಹಾಯುದ್ಧದ ಹೊತ್ತಿಗೆ ವಿಮಾನದ ಎಂಜಿನ್ನುಗಳಿಗೆ. ಬೆಂಗಳೂರಿನ ಎಚ್‌ಎಎಲ್ ಫೌಂಡ್ರಿಯಲ್ಲೂ ಇದೇ ತತ್ತ್ವದ ಎರಕ ನಡೆಯುತ್ತದೆ. ಆಭರಣದವರಿಗೆಂದು ಮಾರುವ ಎರಕದ ಪುಡಿ ಸಿಕ್ಕರೆ ಅದೇ ಒಳ್ಳೆಯದು. 100 ಗ್ರಾಂ ಪುಡಿಗೆ 40 ಗ್ರಾಂ ಆಸುಪಾಸು ನೀರು, ಚೀಲದ ಮೇಲೆ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸಿ. ಸಿಗದಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು ಪಾಲು, ಸೋಸಿದ ನುಣುಪು ಸಿಲಿಕಾ ಮರಳು ಒಂದು ಪಾಲು. ಬರೀ ಪ್ಲಾಸ್ಟರ್ ಕಾಯಿಸಿದಾಗ ಕುಗ್ಗಿ ಸೀಳುತ್ತದೆ, ಮರಳು ಅದನ್ನು ಹಿಡಿದು ನಿಲ್ಲಿಸುತ್ತದೆ. ಸುರಿಯುವಾಗ ದೋಸೆ ಹಿಟ್ಟಿನ ಹದವಿರಲಿ.

ಕಲಸುವಾಗ ಪುಡಿಯನ್ನು ನೀರಿಗೆ ಹಾಕಿ, ನೀರನ್ನು ಪುಡಿಗಲ್ಲ. ಮೇಣದ ಮೇಲೆ ಮೊದಲು ಚೂರು ಸೋಪಿನ ನೀರು ಸವರಿ ಒಣಗಲು ಬಿಡಿ, ಇಲ್ಲದಿದ್ದರೆ ಪ್ಲಾಸ್ಟರ್ ಮೇಣದ ಮೇಲೆ ನಿಲ್ಲದೆ ಜಾರುತ್ತದೆ. ಮೊದಲ ಪದರವನ್ನು ಮೆದುವಾದ ಕುಂಚದಿಂದ ಹಚ್ಚಿ. ಮೂಲೆ ಮೂಲೆಗೂ ಊದುತ್ತ ಹಚ್ಚಿ. ಒಂದು ಗಾಳಿಗುಳ್ಳೆ ಮೇಣಕ್ಕೆ ಅಂಟಿ ಉಳಿದರೆ ಆ ಜಾಗಕ್ಕೂ ಲೋಹ ನುಗ್ಗಿ ಎರಕದ ಮೇಲೆ ಸಾಸಿವೆ ಗಾತ್ರದ ಗುಂಡು ಏಳುತ್ತದೆ. ಮಾನಸೋಲ್ಲಾಸದ ಮೊದಲ ತೆಳು ಲೇಪಕ್ಕೂ ಈ ಕುಂಚದ ಪದರಕ್ಕೂ ಕೆಲಸ ಒಂದೇ: ಸೂಕ್ಷ್ಮ ರೂಪವನ್ನು ಹಿಡಿಯುವುದು. ಮೇಲಿನ ದಪ್ಪ ಪದರ ಬಲಕ್ಕೆ. ಎರಡೂ ಬದಿ ಕತ್ತರಿಸಿದ ಹಾಲಿನ ಪುಡಿ ಡಬ್ಬಿಯನ್ನು ಮಾದರಿಯ ಸುತ್ತ ನಿಲ್ಲಿಸಿ, ಉಳಿದ ಪ್ಲಾಸ್ಟರನ್ನು ಬದಿಯಿಂದ ನಿಧಾನವಾಗಿ ಸುರಿದು, ಡಬ್ಬಿಯನ್ನು ಬೆರಳಿನಿಂದ ತಟ್ಟುತ್ತಿರಿ. ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ.

ಇನ್ನು ಒಣಗಿಸುವುದು. ಈ ಭಾಷಣದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮುಟ್ಟಿದರೆ ಒಣಗಿದಂತೆ ಕಾಣುವ ಅಚ್ಚಿನೊಳಗೆ ಎರಡು ಬಗೆಯ ನೀರಿರುತ್ತದೆ. ಒಂದು ರಂಧ್ರಗಳಲ್ಲಿ ನಿಂತ ನೀರು, ಅದು ನೆರಳಿನಲ್ಲಿ, ಬಿಸಿಲಿನಲ್ಲಿ ಹೋಗುತ್ತದೆ. ಇನ್ನೊಂದು ಪ್ಲಾಸ್ಟರಿನ ಹರಳಿನೊಳಗೇ ಸೇರಿಕೊಂಡ ನೀರು, ಅದು 100 ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಕಾಯಿಸದೆ ಬಿಡುವುದಿಲ್ಲ. ಕೆಲವು ದಿನ ನೆರಳಲ್ಲಿಟ್ಟು ದಿನವೂ ತೂಗಿ. ತೂಕ ಇಳಿಯುವುದು ನಿಂತ ಮೇಲಷ್ಟೇ ಬಿಸಿಗೆ ಇಡಿ. ಬಾಯಿ ಕೆಳಗೆ ಮಾಡಿ, ಅಡಿಯಲ್ಲೊಂದು ತಟ್ಟೆಯಿಟ್ಟು, 150 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮೇಣ ತಟ್ಟೆಗೆ ಇಳಿಯುತ್ತದೆ. ಆಮೇಲೆ ಗಂಟೆಗೆ 100 ಡಿಗ್ರಿಗಿಂತ ವೇಗವಿಲ್ಲದೆ ಏರಿಸುತ್ತ 650ರವರೆಗೆ ಒಯ್ದು ಮತ್ತೆ ಮೂರು ನಾಲ್ಕು ಗಂಟೆ ಹಿಡಿಯಬೇಕು. 573 ಡಿಗ್ರಿಯ ಹತ್ತಿರ ಇನ್ನೂ ನಿಧಾನ. ಆ ಬಿಸಿಗೆ ಬೆಣಚುಕಲ್ಲಿನ ಹರಳಿನ ರಚನೆ ಬದಲಾಗಿ ಮರಳು ಒಮ್ಮೆಲೇ ಹಿಗ್ಗುತ್ತದೆ, ಅವಸರ ಮಾಡಿದರೆ ಅಚ್ಚು ಬಿರಿಯುತ್ತದೆ. 730 ಡಿಗ್ರಿ ಮೀರಬಾರದು, ಅದರಾಚೆ ಪ್ಲಾಸ್ಟರ್ ಒಡೆದು ಗಂಧಕದ ಅನಿಲ ಬಿಡಲು ತೊಡಗುತ್ತದೆ.

ಅಚ್ಚು ಪಕ್ವವಾಗಿದೆಯೋ ಇಲ್ಲವೋ ನೋಡಲು ಎರಡು ಗುರುತು. ಮೇಣ ಇಳಿದ ಹೊಸದರಲ್ಲಿ ಹೊಯ್ಯುವ ಬಾಯಿಯ ಸುತ್ತ ಪ್ಲಾಸ್ಟರ್ ಕಪ್ಪಾಗಿರುತ್ತದೆ; ಪ್ಲಾಸ್ಟರಿಗೆ ಹೀರಿಕೊಂಡ ಮೇಣ ಅಲ್ಲಿ ಮಸಿಯಾಗಿದೆ. ಬಿಸಿ ಏರಿದಂತೆ ಕಪ್ಪು ಬೂದಿಬಣ್ಣಕ್ಕೆ ತಿರುಗಿ, ಕೊನೆಗೆ ಒಳಗಿನವರೆಗೂ ಬೆಳ್ಳಗಾಗುತ್ತದೆ. ಬೆಳ್ಳಗಾಗದ ಅಚ್ಚಿಗೆ ಲೋಹ ಹೊಯ್ಯಬೇಡಿ, ಮಸಿ ಅನಿಲವಾಗಿ ಎರಕದಲ್ಲಿ ರಂಧ್ರ ಬಿಡುತ್ತದೆ. ಇನ್ನೊಂದು, ತಣ್ಣಗಿನ ಗಾಜಿನ ಚೂರನ್ನು ಇಕ್ಕಳದಲ್ಲಿ ಹಿಡಿದು ಬಾಯಿಯ ಮೇಲೆ ಒಂದು ಕ್ಷಣ ತೋರಿಸಿ. ಗಾಜು ಮಂಜಾದರೆ ನೀರು ಇನ್ನೂ ಬರುತ್ತಿದೆ. ಬಿಸಿ ಅಳೆಯಲು ಥರ್ಮೋಕಪಲ್ ಮಾಪಕ ಒಂದಿರಲಿ, ಅದಕ್ಕೆ ಹೆಚ್ಚು ಬೆಲೆಯಿಲ್ಲ. ಪಕ್ವವಾದ ಅಚ್ಚನ್ನು 250 ಡಿಗ್ರಿಯವರೆಗೆ ನಿಧಾನವಾಗಿ ಇಳಿಸಿ, ಬಿಸಿಯಿರುವಾಗಲೇ ಹೊಯ್ಯಬೇಕು. ತಣ್ಣಗಾಗಲು ಬಿಟ್ಟರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಂತೂ ಒಂದೇ ರಾತ್ರಿಯಲ್ಲಿ.

ತೇವಕ್ಕೆ ಇಷ್ಟು ಹೆದರುವುದು ಏಕೆ? ನೀರು ಆವಿಯಾದಾಗ ಸುಮಾರು 1700 ಪಟ್ಟು ಜಾಗ ಕೇಳುತ್ತದೆ. ಕರಗಿದ ಲೋಹದ ಅಡಿಯಲ್ಲಿ ಸಿಕ್ಕಿಬಿದ್ದ ಒಂದು ಹನಿ ಆ ಜಾಗವನ್ನು ಕ್ಷಣದಲ್ಲಿ ಮಾಡಿಕೊಳ್ಳುತ್ತದೆ, ಅಂದರೆ ಲೋಹವನ್ನು ನಿಮ್ಮ ಮುಖದ ಮೇಲೆ ಎರಚುತ್ತದೆ. ಸಿಮೆಂಟಿನ ನೆಲದೊಳಗೂ ತೇವವಿದೆ. ಅದರ ಮೇಲೆ ಲೋಹ ಚೆಲ್ಲಿದರೆ ನೆಲ ಸಿಡಿದು ಚಕ್ಕೆ ಹಾರುತ್ತದೆ. ಆದ್ದರಿಂದ ಕೆಲಸ ಮಾಡುವ ಜಾಗದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಒಣಮರಳು ಹಾಸಿ. ಗುಜರಿ ತುಂಡು, ಇಕ್ಕಳ, ಕಿಟ್ಟ ತೆಗೆಯುವ ಸೌಟು, ಯಾವುದನ್ನೂ ತಣ್ಣಗೆ ಮೂಸೆಗೆ ಇಳಿಸಬೇಡಿ. ಕುಲುಮೆಯ ಬಾಯಿಯಲ್ಲಿ ಕಾಯಿಸಿ ಇಳಿಸಿ. ಬೆಂಕಿ ಆರಿಸಲು ಪಕ್ಕದಲ್ಲಿ ನೀರಿನ ಬಕೆಟ್ಟು ಇಟ್ಟುಕೊಳ್ಳುವ ಅಭ್ಯಾಸ ಇಲ್ಲಿ ಸಲ್ಲದು, ಒಣಮರಳಿನ ಬಕೆಟ್ಟು ಇರಲಿ. ಮೈಮೇಲೆ ದಪ್ಪ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಬೂಟು, ಪ್ಯಾಂಟಿನ ಕಾಲು ಬೂಟಿನ ಹೊರಗೆ, ಕೈಗೆ ಚರ್ಮದ ಗವಸು, ಮುಖಕ್ಕೆ ಪೂರ್ತಿ ಮುಚ್ಚುವ ಕವಚ. ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಚಪ್ಪಲಿ ಬೇಡವೇ ಬೇಡ. ಮಕ್ಕಳು ದೂರ, ಜೊತೆಗೆ ಒಬ್ಬ ದೊಡ್ಡವರು ಹತ್ತಿರ. ಇದ್ದಿಲಿನ ಕುಲುಮೆಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಬಯಲಿನಲ್ಲಿ, ಮಳೆ ಬೀಳದ ದಿನ ನೋಡಿಕೊಂಡೇ ಮಾಡಿ. ಅಪಾರ್ಟ್‌ಮೆಂಟಿನ ಬಾಲ್ಕನಿ ಇದಕ್ಕೆ ಜಾಗವಲ್ಲ.

ಲೋಹ ಎಲ್ಲಿಂದ? ತಂಪು ಪಾನೀಯದ ಡಬ್ಬಿಗಳು ಹೇರಳವಾಗಿ ಸಿಗುತ್ತವೆಂದು ಅವುಗಳಿಗೆ ಹೋಗಬೇಡಿ. ತೆಳು ಹಾಳೆಯ ಸಾಕಷ್ಟು ಪಾಲು ಕಿಟ್ಟವಾಗಿ ಹೋಗುತ್ತದೆ, ಉಳಿದದ್ದೂ ಎರಕಕ್ಕೆ ಹೇಳಿದ ಮಿಶ್ರಲೋಹವಲ್ಲ. ಗುಜರಿ ಅಂಗಡಿಯಲ್ಲಿ ಹಳೆಯ ಬೈಕಿನ ಪಿಸ್ಟನ್ ಕೇಳಿ. ಅದರಲ್ಲಿ ನೂರಕ್ಕೆ 12ರ ಆಸುಪಾಸು ಸಿಲಿಕಾನ್ ಇರುತ್ತದೆ. ಸಿಲಿಕಾನ್ ಇದ್ದರೆ ಲೋಹ ತೆಳ್ಳಗೆ ಹರಿಯುತ್ತದೆ, ಮೂಲೆ ತುಂಬುತ್ತದೆ, ಕುಗ್ಗುವುದೂ ಕಡಿಮೆ. ಪಿಸ್ಟನ್ನಿನ ಪಿನ್ನು, ಉಂಗುರಗಳನ್ನು ತೆಗೆದು, ಎಣ್ಣೆ ಸುಟ್ಟುಹೋಗುವಂತೆ ಮೊದಲು ಕಾಯಿಸಿ. ಬಾಯಿ ಮುಚ್ಚಿದ ಕೊಳವೆ, ಒಳಗೆ ಟೊಳ್ಳಿರುವ ತುಂಡು ಬೇಡ. ಹಗುರವಾಗಿ ಬೂದುಬಣ್ಣಕ್ಕಿರುವ ಕೆಲವು ಯಂತ್ರದ ಕವಚಗಳು ಮೆಗ್ನೀಸಿಯಮ್ಮಿನವು. ಅದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ.

ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಇದರಲ್ಲಿ ಒಂದು ಮೋಸವಿದೆ. ಹಗಲು ಬೆಳಕಿನಲ್ಲಿ 700 ಡಿಗ್ರಿಯ ಅಲ್ಯೂಮಿನಿಯಂ ಕೆಂಪಾಗಿ ಕಾಣುವುದಿಲ್ಲ, ತಣ್ಣಗಿನ ಬೆಳ್ಳಿಯ ಹಾಗೆ ಥಳಥಳಿಸುತ್ತದೆ. ಕಣ್ಣನ್ನು ನಂಬಿ ಯಾವ ಲೋಹವನ್ನೂ ಮುಟ್ಟಬೇಡಿ. ಮೇಲೆ ಕಟ್ಟಿದ ಕೆನೆಯಂಥ ಕಿಟ್ಟವನ್ನು ಹೊಯ್ಯುವ ಮುನ್ನ ಒಮ್ಮೆ ಮಾತ್ರ ಬದಿಗೆ ಸರಿಸಿ. ಪದೇ ಪದೇ ಕಲಕಬಾರದು. ಕಾದ ಅಲ್ಯೂಮಿನಿಯಂ ಗಾಳಿಯ ತೇವದಿಂದ ಹೈಡ್ರೋಜನ್ ಹೀರುತ್ತದೆ, ಗಟ್ಟಿಯಾಗುವಾಗ ಅದನ್ನು ಬಿಟ್ಟುಕೊಡುತ್ತದೆ. ಆ ಅನಿಲವೇ ಒಳಗೆ ಗುಳ್ಳೆಯಾಗಿ ನಿಲ್ಲುತ್ತದೆ. ಬೇಗ ಕರಗಿಸಿ, ಬೇಕಿದ್ದಕ್ಕಿಂತ ಹೆಚ್ಚು ಕಾಯಿಸದೆ, 720ರ ಹತ್ತಿರ ಹೊಯ್ಯುವುದು ಒಳ್ಳೆಯದು.

ಹಿತ್ತಾಳೆಯ ಆಸೆ ಎಲ್ಲರಿಗೂ ಇರುತ್ತದೆ. ಸ್ವಲ್ಪ ತಾಳಿ ಎಂದೇ ಹೇಳುತ್ತೇನೆ. ಹಿತ್ತಾಳೆ ಕರಗುವುದು 900 ಡಿಗ್ರಿ ದಾಟಿದ ಮೇಲೆ, ಅದರೊಳಗಿನ ಸತು ಕುದಿಯುವುದು 907ಕ್ಕೆ. ಹೀಗಾಗಿ ಮೂಸೆಯಿಂದ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಹಳೆಯ ನಲ್ಲಿ, ಪಾತ್ರೆಗಳ ಹಿತ್ತಾಳೆಯಲ್ಲಿ ಸೀಸವೂ ಬೆರೆತಿರಬಹುದು. ಅಲ್ಯೂಮಿನಿಯಮ್ಮಿನಲ್ಲಿ ಕೈ ಪಳಗಿದ ಮೇಲೆ ಸತುವಿಲ್ಲದ ಕಂಚಿನ ಕಡೆಗೆ ಹೋಗುವುದು ಮೇಲು.

ಹೊಯ್ಯುವುದು ಕೆಲವೇ ಸೆಕೆಂಡುಗಳ ಕೆಲಸ. ಅಚ್ಚನ್ನು ಒಣಮರಳಿನಲ್ಲಿ ಕುತ್ತಿಗೆವರೆಗೆ ಹೂತು ನಿಲ್ಲಿಸಿ. ಮೂಸೆಯ ಮೂತಿ ಬಾಯಿಗೆ ಹತ್ತಿರವಿರಲಿ, ಎತ್ತರದಿಂದ ಸುರಿಯಬೇಡಿ. ಆಲಿಕೆ ಸದಾ ತುಂಬಿರುವಂತೆ ಒಂದೇ ಧಾರೆ. ಗಾಳಿನಾಳದಲ್ಲಿ ಲೋಹ ಕಾಣಿಸಿಕೊಂಡು ಆಲಿಕೆ ಅಂಚಿಗೆ ಬಂದಾಗ ನಿಲ್ಲಿಸಿ. ಈ ಹೊತ್ತಿನಲ್ಲಿ ಲೋಹ ಹೆಪ್ಪುಗಟ್ಟಿದರೆ ಏನಾಗುತ್ತದೆಂಬುದಕ್ಕೆ ಫ್ಲಾರೆನ್ಸಿನ ಶಿಲ್ಪಿ ಬೆನ್ವೆನೂಟೊ ಚೆಲ್ಲಿನಿಯ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. 1545ರಲ್ಲಿ ಪರ್ಸಿಯಸ್ ಎಂಬ ಕಂಚಿನ ಪ್ರತಿಮೆಯ ಕೆಲಸ ಹಿಡಿದವನು ಅದನ್ನು ತನ್ನ ಮನೆಯ ಕಾರ್ಯಾಗಾರದಲ್ಲೇ ಹೊಯ್ದ. ಅಂದು ಛಾವಣಿಗೆ ಬೆಂಕಿ ಹತ್ತಿತು, ಹೊರಗೆ ಮಳೆಗಾಳಿ, ಅವನಿಗೆ ಜ್ವರ. ಹಾಸಿಗೆ ಹಿಡಿದವನಿಗೆ ಲೋಹ ಹೆಪ್ಪಾಗಿದೆ ಎಂಬ ಸುದ್ದಿ ಬಂತು. ಎದ್ದು ಬಂದು ಓಕ್ ಮರದ ಕೊರಡು ಹಾಕಿ ಬೆಂಕಿ ಏರಿಸಿದ. ಲೋಹ ಕರಗಿದರೂ ಸರಿಯಾಗಿ ಹರಿಯಲಿಲ್ಲ. ಮನೆಯಲ್ಲಿದ್ದ ಸುಮಾರು 200 ತವರದ ತಟ್ಟೆ ಬಟ್ಟಲುಗಳನ್ನು ತಂದು ಒಂದೊಂದಾಗಿ ಹಾಕಿಸಿದ. ಲೋಹ ಹರಿದು ಅಚ್ಚು ತುಂಬಿತು. ಬಲಗಾಲಿನ ಬೆರಳುಗಳ ಹತ್ತಿರ ಮಾತ್ರ ಚೂರು ಕೊರತೆ ಉಳಿಯಿತು. 1554ರಲ್ಲಿ ಜನರೆದುರು ನಿಂತ ಆ ಪ್ರತಿಮೆ ಇವತ್ತಿಗೂ ಫ್ಲಾರೆನ್ಸಿನ ಚೌಕದಲ್ಲಿದೆ. ತವರ ಬೆರೆತಷ್ಟೂ ತಾಮ್ರ ಕಡಿಮೆ ಬಿಸಿಯಲ್ಲಿ ಹರಿಯುತ್ತದೆ ಎಂಬ ತಿಳಿವಳಿಕೆ ಅವನನ್ನು ಕಾಪಾಡಿತು.

ಹೊಯ್ದ ಹದಿನೈದು ಇಪ್ಪತ್ತು ನಿಮಿಷಕ್ಕೆ ಲೋಹ ಗಟ್ಟಿಯಾಗಿರುತ್ತದೆ, ಆದರೂ ಪೂರ್ತಿ ತಣಿಯಲು ಬಿಡಿ. ಅಚ್ಚನ್ನು ಒಡೆಯುವ ಮುನ್ನ ಚೆನ್ನಾಗಿ ನೀರು ಕುಡಿಸಿ. ಒಣ ಅಚ್ಚನ್ನು ಒಡೆದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಉಳಿದು ಸಿಲಿಕೋಸಿಸ್ ತರುತ್ತದೆ. ಕಲ್ಲುಗಣಿಯ ಕೆಲಸಗಾರರನ್ನು ಕಾಡುವುದು ಇದೇ ಕಾಯಿಲೆ. ಪುಡಿ ಕಲಸುವಾಗಲೂ ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಇರಲಿ. ಪ್ಲಾಸ್ಟರ್ ನೆನೆದು ಮೆದುವಾದ ಮೇಲೆ ಮರದ ಕಡ್ಡಿಯಿಂದ ಬಿಡಿಸಿ, ಕುಂಚದಿಂದ ತೊಳೆಯಿರಿ.

ಮೊದಲ ಸಲ ಹೊರಬಂದ ತೋಳನ್ನು ಯಂತ್ರಕ್ಕೆ ಜೋಡಿಸಬೇಡಿ. ಗರಗಸದಿಂದ ಗುಬುಟಿನ ನಡುವೆ ಉದ್ದಕ್ಕೆ ಕುಯ್ಯಿರಿ, ಕುಯ್ದ ಮುಖವನ್ನು ನೀರಿನಲ್ಲಿ ಮರಳುಕಾಗದದಿಂದ ಉಜ್ಜಿ ಬೆಳಕಿಗೆ ಹಿಡಿಯಿರಿ. ಒಳಗೋಡೆ ನುಣುಪಾಗಿ ಹೊಳೆಯುವ ದುಂಡನೆಯ ರಂಧ್ರಗಳು ಚದುರಿದ್ದರೆ ಅದು ಅನಿಲದ ಗುರುತು. ಅಚ್ಚು ಇನ್ನಷ್ಟು ಒಣಗಬೇಕಿತ್ತು, ಇಲ್ಲವೇ ಲೋಹ ಹೆಚ್ಚು ಕಾದಿತ್ತು. ಒಂದೇ ಕಡೆ, ದಪ್ಪ ಭಾಗದ ನಡುವೆ, ಒರಟಾದ ಮುಳ್ಳುಮುಳ್ಳು ಅಂಚಿನ ಟೊಳ್ಳು ಇದ್ದರೆ ಅದು ಕುಗ್ಗಿದ ಗುರುತು. ನಾಳ ಸಣ್ಣದಾಯಿತು. ತೋಳಿನ ತುದಿ ತುಂಬದೆ ಮೊಂಡಾಗಿ ದುಂಡಗೆ ನಿಂತಿದ್ದರೆ ಅಚ್ಚು ತಣ್ಣಗಿತ್ತು. ಇನ್ನು 50 ಡಿಗ್ರಿ ಹೆಚ್ಚು ಬಿಸಿ ಇರುವಾಗ ಹೊಯ್ಯಿರಿ. ಕಂಡದ್ದನ್ನು ಮೇಣದ ತೂಕ ಬರೆದ ಹಾಳೆಯ ಮೇಲೆಯೇ, ಬಿಸಿಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಕುಯ್ದ ಎರಡು ಹೋಳುಗಳನ್ನೂ ಕತ್ತರಿಸಿದ ನಾಳಗಳನ್ನೂ ಮತ್ತೆ ಮೂಸೆಗೆ ಹಾಕಬಹುದು, ತಟ್ಟೆಗಿಳಿದ ಮೇಣವನ್ನು ಸೋಸಿ ಮುಂದಿನ ಮಾದರಿಯ ನಾಳಗಳಿಗೆ ಬಳಸಬಹುದು.